ಇಲಿಗೆ ಯಾವ ಕಾಳು ಇಷ್ಟ?

ಕಳೆದ ಬೇಸಿಗೆಯಲ್ಲಿ ಗುರುಗ್ರಾಮದ ನಮ್ಮ ಅಡುಗೆಮನೆಯ ನೆಲದ ಮೇಲೆ ರಾತ್ರಿ ಹೊತ್ತು ಐದು ಮುಚ್ಚಳಗಳು ಸಾಲಾಗಿ ಕೂತಿರುತ್ತಿದ್ದವು. ಉಪ್ಪಿನಕಾಯಿ ಬಾಟಲಿಯ ಮುಚ್ಚಳಗಳು. ಒಂದೊಂದರಲ್ಲೂ 10 ಗ್ರಾಂ ಕಾಳು. ಗೋಧಿ ನುಚ್ಚು, ಸೋನಾ ಮಸೂರಿ ಅಕ್ಕಿ, ಸಜ್ಜೆ, ಬಿಳಿಜೋಳ, ರಾಗಿ. ಎಂಟನೇ ಕ್ಲಾಸಿನ ಮಗಳ ಹಾಲಿಡೇ ಹೋಂವರ್ಕ್ ಅದು. ನಮ್ಮ ಮನೆಗೆ ಬಂದ ಇಲಿಗೆ ಯಾವ ಧಾನ್ಯ ಇಷ್ಟ ಎಂದು ಕಂಡುಹಿಡಿಯುವುದು.

ಇಲಿ ಬಂದದ್ದು ಏಪ್ರಿಲ್‌ನಲ್ಲಿ. ನಮ್ಮ ಸೊಸೈಟಿಯ ಹಿಂದೆ ಇನ್ನೂ ಕಟ್ಟಡ ಏಳದ ಒಂದಷ್ಟು ಹೊಲ ಉಳಿದಿದೆ. ಅಲ್ಲಿ ಗೋಧಿ ಕಟಾವಾಗುತ್ತಿದ್ದಂತೆ ಹೊಲದ ಇಲಿಗಳು ಮೇವು, ನೆರಳು ಹುಡುಕಿಕೊಂಡು ಹೊರಡುತ್ತವೆ. ನಾವಿರುವುದು ಮೊದಲನೇ ಮಹಡಿ. ಒಂದು ದಿನ ಸಿಂಕಿನ ಕೆಳಗೆ ಹಿಕ್ಕೆ ಕಂಡವು. ಹೆಂಡತಿ, "ರೀ, ಇವತ್ತೇ ಏನಾದ್ರೂ ಮಾಡಿ" ಅಂದಳು. ಮಗಳು ಮಾತ್ರ ರಜೆಯ ಪ್ರಾಜೆಕ್ಟಿಗೆ ವಿಷಯ ಸಿಕ್ಕಿತು ಎಂದು ಕುಣಿದಳು. ಒಂದೆರಡು ವಾರ ಸಮಯ ಕೊಡಿಸಿಕೊಂಡಳು.

ಅವಳ ಕೆಲಸ ನೋಡಿ ನನಗೆ ಆಶ್ಚರ್ಯವಾಯಿತು. ಪ್ರತಿದಿನ ಬೆಳಿಗ್ಗೆ ಕೇಕಿಗೆಂದು ತಂದಿದ್ದ ಡಿಜಿಟಲ್ ತಕ್ಕಡಿಯಲ್ಲಿ ಉಳಿದ ಕಾಳು ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಮೊದಲ ಎರಡು ದಿನ ಗೋಡೆ ಪಕ್ಕದ ಮುಚ್ಚಳವೇ ಹೆಚ್ಚು ಖಾಲಿಯಾಗಿತ್ತು. ಮೂರನೆಯ ದಿನ ಅವಳಿಗೆ ಸಂಶಯ ಬಂತು. ಇಲಿಗೆ ಇಷ್ಟವಾಗಿದ್ದು ಕಾಳೋ, ಜಾಗವೋ? ಅಂದಿನಿಂದ ದಿನಾ ಮುಚ್ಚಳಗಳ ಜಾಗ ಅದಲು ಬದಲು ಮಾಡಿದಳು. ಎಂಟೆಕ್ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಒಂದು ರಾತ್ರಿಗೆ ಒಟ್ಟು ಖರ್ಚು ಮೂರು ನಾಲ್ಕು ಗ್ರಾಂ ದಾಟುತ್ತಿರಲಿಲ್ಲ. ಒಂದು ಸುಂಡಿಲಿ ದಿನಕ್ಕೆ ತಿನ್ನುವುದೇ ಸುಮಾರು ಅಷ್ಟು. ಹಾಗಾಗಿ ಬಂದಿರುವುದು ಒಂದೇ ಇಲಿ ಎಂದು ತೀರ್ಮಾನಿಸಿ, ಪುಟದ ಮೇಲೆ 'ಸಬ್ಜೆಕ್ಟ್ 1' ಎಂದು ಬರೆದಳು. ಕೆಳಗೆ ಇನ್ನೊಂದು ಸಾಲು: ಇದು ಒಂದೇ ಇಲಿಯ ರುಚಿ, ಎಲ್ಲ ಇಲಿಗಳದ್ದೂ ಹೀಗೇ ಎನ್ನಲಾಗದು.

ಒಂಬತ್ತು ರಾತ್ರಿಗಳ ಲೆಕ್ಕದಲ್ಲಿ ಗೋಧಿ ನುಚ್ಚು ಎಲ್ಲಕ್ಕಿಂತ ಮುಂದಿತ್ತು. ಆಮೇಲೆ ಸಜ್ಜೆ, ಆಮೇಲೆ ಅಕ್ಕಿ. ಜೋಳ ಅಷ್ಟಕ್ಕಷ್ಟೆ. ರಾಗಿ ಕಟ್ಟಕಡೆಗೆ. ತಿಪಟೂರಿನ ಕಡೆಯಿಂದ ಸಂಪರ್ಕ ಕ್ರಾಂತಿ ರೈಲಿನಲ್ಲಿ ಎರಡು ರಾತ್ರಿ ಪ್ರಯಾಣ ಮಾಡಿ ಬಂದ ನಮ್ಮೂರ ರಾಗಿಯನ್ನು ಹರಿಯಾಣದ ಇಲಿ ಮೂಸಿ ನೋಡಿ ಬಿಟ್ಟಿತ್ತು. "ಇಲಿ ನನ್ನ ಪಾರ್ಟಿ ಅಪ್ಪ" ಎಂದು ಮಗಳು ನಕ್ಕಳು. ಅವಳಿಗೂ ಮುದ್ದೆ ಸೇರುವುದಿಲ್ಲ.

ಅವಳಿಗೆ ನೆರವಾಗಲೆಂದು ನಾನೂ ಒಂದಷ್ಟು ಓದಿದೆ. 1974ರಲ್ಲಿ ಇಂಗ್ಲೆಂಡಿನ ರೋ, ಬ್ರಾಡ್‌ಫೀಲ್ಡ್ ಮತ್ತು ರೆಡ್‌ಫರ್ನ್ ಎಂಬ ಮೂವರು ಸಂಶೋಧಕರು ಮನೆಯಿಲಿಗಳ ಮುಂದೆ ಹೀಗೇ ಬೇರೆ ಬೇರೆ ಕಾಳುಗಳನ್ನಿಟ್ಟು ಪರೀಕ್ಷೆ ಮಾಡಿದ್ದರು. ಪಂಜರದ ಹಕ್ಕಿಗಳಿಗೆ ಹಾಕುವ ಕ್ಯಾನರಿ ಬೀಜ, ಓಟ್ಸ್ ನುಚ್ಚು, ಗೋಧಿ ಇವು ಅವುಗಳಿಗೆ ಹೆಚ್ಚು ಹಿಡಿಸಿದವಂತೆ. ನಮ್ಮ ದೇಶದಲ್ಲೂ ಈ ಕೆಲಸ ಬಹಳ ನಡೆದಿದೆ. ಜೋಧಪುರದಲ್ಲಿರುವ ಕೇಂದ್ರೀಯ ಶುಷ್ಕವಲಯ ಸಂಶೋಧನಾ ಸಂಸ್ಥೆ ದಶಕಗಳಿಂದ ಇಲಿ ಹೆಗ್ಗಣಗಳ ಅಧ್ಯಯನ ಮಾಡುತ್ತಿದೆ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಆ ಜಾಲದಲ್ಲಿದೆ. ಅವರು ಹೇಳುವುದು ಸರಳ. ಆಯಾ ಸೀಮೆಯ ಇಲಿಗೆ ರೂಢಿಯಾದ ಧಾನ್ಯವನ್ನೇ ಬಳಸಿ. ರಾಜಸ್ಥಾನದಲ್ಲಿ ಸಜ್ಜೆ, ಭತ್ತದ ನಾಡಿನಲ್ಲಿ ಅಕ್ಕಿ. ಇಡೀ ಕಾಳಿಗಿಂತ ನುಚ್ಚು ಮೇಲು. ಸ್ವಲ್ಪ ಕಡಲೆಕಾಯಿ ಎಣ್ಣೆ ಸವರಿದರೆ ಇನ್ನೂ ಒಳ್ಳೆಯದು.

ಬಳಸಿ ಎಂದರೆ ಯಾತಕ್ಕೆ? ಪಾಷಾಣ ಬೆರೆಸುವುದಕ್ಕೆ. ಇಂಗ್ಲೆಂಡಿನವರು ಹುಡುಕುತ್ತಿದ್ದದ್ದೂ ಅದನ್ನೇ. ಇಲಿಗೆ ಏನಿಷ್ಟ ಎಂದು ಮನುಷ್ಯರಿಗೆ ಗೊತ್ತಿರುವುದರಲ್ಲಿ ಬಹುಪಾಲು ಅದನ್ನು ಕೊಲ್ಲುವ ಸಲುವಾಗಿ ತಿಳಿದುಕೊಂಡದ್ದು. ಓದುವಾಗ ಇದು ನನಗೆ ಹೊಳೆಯಿತು. ಮಗಳಿಗೆ ಹೇಳಲಿಲ್ಲ.

ಹತ್ತನೆಯ ದಿನ ಇಲಿ ನೀರಿನ ಫಿಲ್ಟರಿನ ಪೈಪು ಕಡಿಯಿತು. ಅಡುಗೆಮನೆ ತುಂಬ ನೀರು. ಸಾಲದ್ದಕ್ಕೆ ಅಮ್ಮನ ಮಾತ್ರೆಗಳ ಡಬ್ಬಿಯ ಪಕ್ಕದಲ್ಲೇ ಹಿಕ್ಕೆ. ಅಮ್ಮ ಆಗ ನಮ್ಮ ಜೊತೆಗೇ ಇದ್ದರು. ಇಲಿಯ ಉಚ್ಚೆಯಿಂದ ಇಲಿಜ್ವರ ಹರಡುತ್ತದೆ ಎಂದು ಗೊತ್ತಿದ್ದ ನನಗೆ ಇನ್ನು ತಡೆಯುವುದು ಸರಿ ಕಾಣಲಿಲ್ಲ. ಪಕ್ಕದ ಮನೆಯವರು ಅಂಟಿನ ಹಲಗೆ ಕೊಟ್ಟರು. ಅದರಲ್ಲಿ ಸಿಕ್ಕ ಇಲಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಗೆ ಅದು ವಿರುದ್ಧ ಎಂದು ಪ್ರಾಣಿ ಕಲ್ಯಾಣ ಮಂಡಳಿಯೇ ಹೇಳಿದೆ. ನಾನು ಆ ಕಾಯಿದೆಯ ಮಾತು ಹೇಳಿ ಹಲಗೆಯನ್ನು ವಾಪಸು ಕೊಟ್ಟೆ. ಕೊಡುವಾಗ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಾಗಿತ್ತು.

ಮಾರನೆಯ ದಿನ ಪೆಸ್ಟ್ ಕಂಟ್ರೋಲಿನವನು ಬಂದ. ಬಿಹಾರದ ಕಡೆಯ ಹುಡುಗ, ಕೆಲಸದಲ್ಲಿ ಚುರುಕು. ಮಗಳು ಈಜು ಕ್ಲಾಸಿಗೆ ಹೋಗಿದ್ದಳು. ಅವನು ಹಿಂದಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಸಾಹೇಬರೇ, ನಿಮ್ಮ ಮನೆ ಇಲಿ ಏನು ತಿನ್ನುತ್ತೆ?" ನಾನು ಉತ್ಸಾಹದಿಂದ ಒಳಗೆ ಹೋಗಿ ಮಗಳ ನೋಟ್‌ಬುಕ್ ತಂದೆ. ಒಂಬತ್ತು ದಿನದ ಟೇಬಲ್, ಬಾರ್ ಗ್ರಾಫ್, ಎಲ್ಲ ತೋರಿಸಿದೆ. ಅವನು ನಕ್ಕು, "ಅರ್ಧ ಕೆಲಸ ನೀವೇ ಮಾಡಿಟ್ಟಿದ್ದೀರಿ" ಅಂದ. ನಮ್ಮ ಡಬ್ಬಿಯಿಂದಲೇ ಗೋಧಿ ನುಚ್ಚು ತೆಗೆದುಕೊಂಡು, ಎಣ್ಣೆ ಹಾಕಿ, ತನ್ನ ಮದ್ದು ಬೆರೆಸಿದ. ಇಲಿಗೆ ಅಭ್ಯಾಸವಾಗಿದೆಯಲ್ಲ ಎಂದು ಅದೇ ಮುಚ್ಚಳದಲ್ಲಿ, ಅದೇ ಜಾಗದಲ್ಲಿ ಇಟ್ಟ. ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳಿ ಎಂದೂ ಹೇಳಿದ. ರಾತ್ರಿ ಊಟದ ಹೊತ್ತಿಗೆ ಮಗಳಿಗೆ ತಿಳಿಸೋಣ ಎಂದುಕೊಂಡೆ. ಸಂಜೆ ಒಂದು ಕ್ಲೈಂಟ್ ಕಾಲ್ ಬಂತು, ಅದು ಹನ್ನೊಂದರವರೆಗೂ ಎಳೆಯಿತು.

ಬೆಳಿಗ್ಗೆ ಎಚ್ಚರವಾದಾಗ ಮಗಳು ತಕ್ಕಡಿಯ ಮುಂದೆ ಕೂತಿದ್ದಳು. ಕೈಯಲ್ಲಿ ಮುಚ್ಚಳ.

"ಅಪ್ಪ, ಗೋಧಿ ಯಾಕೆ ನೀಲಿ ಆಗಿದೆ?"

ನಾನು ಅದನ್ನು ಕಿತ್ತುಕೊಂಡೆ. ಸೋಪಿನಿಂದ ಮೂರು ಸಲ ಕೈ ತೊಳೆಸಿದೆ. ಅವಳಿಗೆ ಏನೂ ಆಗಲಿಲ್ಲ. ಕೈ ಒರೆಸಿಕೊಳ್ಳುತ್ತಾ ಅವಳು ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಟೇಬಲ್ ನೋಡಿ ಹಾಕಿದ್ರಾ?"

ಹೌದು ಅಂದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ನೋಟ್‌ಬುಕ್ ತೆಗೆದುಕೊಂಡು ರೂಮಿಗೆ ಹೋದಳು. ಐದು ದಿನದ ಮೇಲೆ ವಾಷಿಂಗ್ ಮೆಷಿನ್ನಿನ ಹಿಂದಿನಿಂದ ವಾಸನೆ ಬಂತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಮಾಡಿದ್ದರಲ್ಲಿ ತಪ್ಪಿದೆಯೇ? ಇದ್ದರೆ ಯಾವುದು ತಪ್ಪು?

ಮಗಳಿಗೆ ಹೇಳದೆ ಉಳಿದದ್ದು, ವಿಷ ಅವಳ ಕೈಗೆ ಸಿಗುವಂತೆ ಬಿಟ್ಟದ್ದು ತಪ್ಪು, ಅದರಲ್ಲಿ ಚರ್ಚೆಯೇ ಇಲ್ಲ. ಆದರೆ ಹೇಳಿದ್ದರೆ, ಎಲ್ಲ ಜೋಪಾನವಾಗಿ ಮಾಡಿದ್ದರೆ, ಆಗಲೂ ಏನೋ ಉಳಿಯುತ್ತಿತ್ತು ಅನ್ನಿಸುತ್ತದೆ. ಇಲಿಯನ್ನು ಕೊಂದದ್ದೇ? ಅದಕ್ಕೆ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ನಾನು ರೈತನ ಮಗ. ರಾಗಿ ತೆನೆ ಬಲಿಯುವ ಹೊತ್ತಿಗೆ ಬದುವಿನ ಬಿಲಗಳಿಂದ ಹೆಗ್ಗಣ ಎದ್ದು ಬಂದು ಸಾಲುಗಟ್ಟಲೆ ತೆನೆ ಕಡಿದು ಒಳಗೆ ಸಾಗಿಸುವುದನ್ನು ಕಂಡವನು. ಬಿಲ ಅಗೆದರೆ ಸೇರುಗಟ್ಟಲೆ ಕಾಳು ಸಿಗುತ್ತಿತ್ತು. ವರ್ಷದ ಅನ್ನವನ್ನು ಉಳಿಸಿಕೊಳ್ಳುವವನಿಗೆ ಅಹಿಂಸೆಯ ಪಾಠ ಹೇಳುವ ಧೈರ್ಯ ನನಗಿಲ್ಲ.

ನನ್ನನ್ನು ಕಾಡಿದ್ದು ಕೊಂದ ಬಗೆ. ಇಲಿ ಜಾತಿಯನ್ನು ವಿಷಕ್ಕೆ ಒಲಿಸುವುದು ಸುಲಭವಲ್ಲ. ದೊಡ್ಡ ಇಲಿಗಳು ಹೊಸ ತಿಂಡಿಯನ್ನು ತಕ್ಷಣ ತಿನ್ನುವುದಿಲ್ಲ, ಚೂರೇ ಚೂರು ರುಚಿ ನೋಡಿ ಕಾಯುತ್ತವೆ. ತಿಂದು ಹೊಟ್ಟೆ ಕೆಟ್ಟರೆ ಆ ರುಚಿಯ ಕಡೆ ಮತ್ತೆ ತಲೆ ಹಾಕುವುದಿಲ್ಲ. 1955ರಲ್ಲಿ ಜಾನ್ ಗಾರ್ಸಿಯಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಸಿಹಿ ನೀರು ಕುಡಿಯುವಾಗ ವಿಕಿರಣದಿಂದ ಕಾಯಿಲೆ ಬಿದ್ದ ಇಲಿಗಳು ಆಮೇಲೆ ಸಿಹಿ ನೀರನ್ನೇ ಬಿಟ್ಟವು. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದನ್ನು ಹೊರಗೆ ಹಾಕಲಾಗದ ಪ್ರಾಣಿ ಒಳಗೆ ಬಿಡುವ ಮುಂಚೆಯೇ ಎಚ್ಚರವಾಗಿರಬೇಕು.

ಈ ಎಚ್ಚರವನ್ನು ಗೆಲ್ಲುವುದಕ್ಕೆ ಮನುಷ್ಯ ಎರಡು ದಾರಿ ಕಂಡುಕೊಂಡ. ಒಂದು, ಮೊದಲು ಎರಡು ಮೂರು ದಿನ ವಿಷವಿಲ್ಲದ ಒಳ್ಳೆಯ ಕಾಳನ್ನೇ ಇಟ್ಟು ನಂಬಿಸುವುದು. ಸತುವಿನ ಫಾಸ್ಫೈಡ್ ಹಾಕುವವರು ಇದನ್ನು ಮಾಡಲೇಬೇಕು. ಇನ್ನೊಂದು, ನಿಧಾನದ ವಿಷ. 1948ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದಿಂದ ಬಂದ ವಾರ್ಫರಿನ್ ಆ ಬಗೆಯದು. ಇಂದು ನಮ್ಮಲ್ಲಿ ಬಳಸುವ ಬ್ರೊಮಾಡಿಯೊಲೋನ್ ಅದೇ ಕುಲದ್ದು. ತಿಂದ ನಾಲ್ಕೈದು ದಿನಕ್ಕೆ ಒಳಗೊಳಗೇ ರಕ್ತ ಸೋರಿ ಸಾಯುವುದರಿಂದ, ಯಾವ ಊಟ ಕೊಂದಿತು ಎಂದು ಇಲಿಗೆ ತಿಳಿಯುವುದೇ ಇಲ್ಲ.

ಇನ್ನೂ ಒಂದು ಸಂಗತಿ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಕೆನಡಾದ ಬೆನೆಟ್ ಗೇಲೆಫ್ 1980ರ ದಶಕದಲ್ಲಿ ತೋರಿಸಿದ್ದು ಇದು. ಒಂದು ಇಲಿ ಇನ್ನೊಂದರ ಉಸಿರಿನ ವಾಸನೆಯಿಂದ ಅದು ಏನು ತಿಂದು ಬಂದಿದೆ ಎಂದು ತಿಳಿಯುತ್ತದೆ, ತಾನೂ ಅದನ್ನೇ ಇಷ್ಟಪಡಲು ಕಲಿಯುತ್ತದೆ. ತಿಂದು ಬಂದ ಇಲಿ ಕಣ್ಣೆದುರೇ ಕಾಯಿಲೆ ಬಿದ್ದಿದ್ದರೂ ನೋಡಿದ ಇಲಿ ಆ ತಿಂಡಿಯನ್ನು ಬಿಡುವುದಿಲ್ಲ. 'ಇದು ತಿನ್ನಬಹುದು' ಎಂಬ ಸುದ್ದಿ ಒಂದರಿಂದ ಒಂದಕ್ಕೆ ದಾಟುತ್ತದೆ. 'ಇದು ಬೇಡ' ಎಂಬ ಸುದ್ದಿ ದಾಟುವುದಿಲ್ಲ.

ಇಲ್ಲಿ ನನಗೆ ಒಂದು ಭೇದ ಕಾಣಿಸುತ್ತದೆ. ಬಡಿದು ಕೊಂದರೆ ನಾನು ಇಲಿಯ ಇಚ್ಛೆಗೆ ಎದುರಾಗುತ್ತೇನೆ. ಅದಕ್ಕೆ ಓಡಲು, ಕಚ್ಚಲು ಒಂದು ಅವಕಾಶವಾದರೂ ಇರುತ್ತದೆ. ಒಲಿಸಿ ಕೊಂದರೆ ಅದರ ಇಷ್ಟವೇ ನನ್ನ ಆಯುಧ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ. ಉಣ್ಣಿಸಿದವನಿಗೂ ಅಂಥದೊಂದು ಕಟ್ಟಳೆ ಇರಬೇಡವೇ?

ಇದಕ್ಕೆ ಉತ್ತರ ಕೊಡುವವರಿದ್ದಾರೆ. ಇಲಿಗೆ ನಂಬಿಕೆ, ದ್ರೋಹ ಎಂಬುದೆಲ್ಲ ಇಲ್ಲ. ಅದು ಬರೀ ಅಭ್ಯಾಸ. ಗಾಳಕ್ಕೆ ಎರೆಹುಳ ಚುಚ್ಚುವವನು ಮೀನಿಗೆ ದ್ರೋಹ ಮಾಡಿದನೇ? ಈ ಮಾತಿನಲ್ಲಿ ಹುರುಳಿದೆ. ಇಲಿಯ ಕಡೆಯಿಂದ ನೋಡಿದರೆ ಬೇಗ ಸಾಯುವುದು, ನಿಧಾನ ಸಾಯುವುದು ಇವೇ ದೊಡ್ಡ ಭೇದಗಳಿರಬಹುದು. ಆದರೆ ನಮ್ಮ ಮನೆಯಲ್ಲಿ ನಂಬಿದವರು ಇಬ್ಬರಿದ್ದರು. ಇನ್ನೊಬ್ಬಳು ನನ್ನ ಮಗಳು.

ಒಂದು ಭಾನುವಾರ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ ಹೊಲದಲ್ಲಿ ಎಷ್ಟೋ ವರ್ಷ ಪಾಷಾಣ ಹಾಕಿದವರು. ಹಿಂದೆ ಗ್ರಾಮಸೇವಕರು ಕಲಿಸಿಕೊಟ್ಟ ಕ್ರಮ ಅವರಿಗೆ ಈಗಲೂ ಬಾಯಿಪಾಠ. ಮೊದಲು ಎಲ್ಲ ಬಿಲಗಳ ಬಾಯಿ ಮುಚ್ಚುವುದು. ಮಾರನೆಯ ದಿನ ಯಾವುದು ತೆರೆದಿದೆಯೋ ಅದರಲ್ಲಷ್ಟೇ ಜೀವ ಇದೆ ಎಂದು ಗುರುತು ಮಾಡುವುದು. ಎರಡು ದಿನ ಬರೀ ಕಾಳು, ಆಮೇಲೆ ಪಾಷಾಣ. ಉಳಿದದ್ದನ್ನು ನಾಯಿ ಕೋಳಿ ಮುಟ್ಟದಂತೆ ಆಳವಾಗಿ ಹೂಳುವುದು.

"ನಿಂಗೇನೂ ಅನ್ನಿಸ್ತಿರಲಿಲ್ವಾ ಅಪ್ಪ?" ಎಂದು ಕೇಳಿದೆ.

"ಅನ್ಸದೇನು? ಅವು ನಮ್ ರಾಗಿ ತಿಂತಿದ್ವು, ನಾವು ಸಾಯಿಸ್ತಿದ್ವು. ಊರಿಗೆಲ್ಲ ಗೊತ್ತಿತ್ತು. ಅದ್ರಾಗೆ ಮುಚ್ಚಿಡಾದೇನಿತ್ತು?" ಸ್ವಲ್ಪ ಹೊತ್ತು ಬಿಟ್ಟು, "ನೀನು ಮಗೀಗೆ ಹೇಳಿ ಮಾಡ್ಬೇಕಾಗಿತ್ತು ಕಣಪ್ಪ. ಅದು ಅವಳು ಕೂಡಿಟ್ಟಿದ್ದ ಲೆಕ್ಕ" ಅಂದರು.

ಅಪ್ಪ ಹೇಳಿದ್ದು ಎರಡು ಮಾತು, ಎರಡೂ ನನಗೆ ತಾಗಿದವು. ಜೋಧಪುರದ ವಿಜ್ಞಾನಿಗಾಗಲಿ ಅಪ್ಪನಿಗಾಗಲಿ ಇಲಿಯ ರುಚಿ ಯಾತಕ್ಕೆ ಬೇಕು ಎಂಬುದು ಮೊದಲ ದಿನದಿಂದ ಸ್ಪಷ್ಟವಿತ್ತು. ಮಗಳು ತಿಳಿದುಕೊಂಡದ್ದು ಬೇರೆ ಕಾರಣಕ್ಕೆ. ಅವಳಿಗೆ ಕುತೂಹಲವಿತ್ತು, ಹತ್ತು ದಿನದಲ್ಲಿ ಅದರ ಜೊತೆ ಒಂದಿಷ್ಟು ಅಕ್ಕರೆಯೂ ಬೆಳೆದಿತ್ತು. ಒಬ್ಬರಿಗೆ ಏನು ಸೇರುತ್ತದೆ ಎಂದು ಗೊತ್ತಿರುವುದು ಸಾಮಾನ್ಯವಾಗಿ ಹತ್ತಿರದವರಿಗೆ. ಅಮ್ಮನಿಗೆ ನನ್ನ ಮುದ್ದೆಯ ಹದ ಗೊತ್ತು. ಉತ್ತರ ಕರ್ನಾಟಕದ ಕಡೆ ಗಣೇಶ ಚೌತಿಯ ಮರುದಿನ 'ಇಲಿ ವಾರ' ಎಂದು ಇಲಿಗೆ ಎಡೆ ಇಡುವ ರೂಢಿಯಿದೆ. ಬಟ್ಟೆಬರೆ ಕಡಿಯಬೇಡಪ್ಪ ಎಂಬ ಬೇಡಿಕೆ ಅದರಲ್ಲಿದೆ. ಅದೂ ಒಂದು ವ್ಯಾಪಾರವೇ, ಆದರೆ ಎದುರಿಗೇ ಆಡಿದ ವ್ಯಾಪಾರ. ಬಿಕಾನೇರ್ ಬಳಿಯ ದೇಶ್ನೋಕ್‌ನ ಕರಣಿ ಮಾತಾ ಗುಡಿಯಲ್ಲಿ ಸಾವಿರಾರು ಇಲಿಗಳಿಗೆ ಹಾಲು, ಲಾಡು, ಕಾಳು ಇಡುತ್ತಾರೆ. ಜೋಧಪುರದ ಸಂಸ್ಥೆ ಇರುವುದೂ ಅದೇ ರಾಜಸ್ಥಾನದಲ್ಲಿ. ಎರಡೂ ಕಡೆ ಇಲಿಯ ರುಚಿ ಬಲ್ಲವರೇ ಇದ್ದಾರೆ. ಯಾವ ಕಡೆಯವರೂ ತಮ್ಮ ಉದ್ದೇಶವನ್ನು ಬಚ್ಚಿಟ್ಟಿಲ್ಲ.

ಬಚ್ಚಿಟ್ಟವನು ನಾನು. ನಗು ಬರುವ ವಿಷಯವೆಂದರೆ ಆಫೀಸಿನಲ್ಲಿ ಇದನ್ನೇ ಪಾಠ ಮಾಡುವವನೂ ನಾನೇ. ನಮ್ಮ ತಂಡ ಕೆಲಸ ಮಾಡುವುದು ಒಂದು ದಿನಸಿ ಆ್ಯಪಿಗೆ. ರಾತ್ರಿ ಹನ್ನೊಂದಕ್ಕೆ ಯಾರು ಚಿಪ್ಸ್ ತರಿಸುತ್ತಾರೆ, ಯಾರು ಮಲ್ಟಿಗ್ರೇನ್ ಹಿಟ್ಟಿಗೆ ಬದಲಾಗಿದ್ದಾರೆ ಎಂಬುದೆಲ್ಲ ನಮ್ಮ ಡೇಟಾಬೇಸಿನಲ್ಲಿರುತ್ತದೆ. ಮೊದಲ ಕೆಲವು ಆರ್ಡರುಗಳಿಗೆ ಡೆಲಿವರಿ ಉಚಿತ ಕೊಟ್ಟು ಆಮೇಲೆ ಶುಲ್ಕ ಹಾಕುವುದು ಹೊಸದೇನಲ್ಲ. ಗ್ರಾಹಕರು ಇಲಿಗಳಲ್ಲ, ಯಾರೂ ಸಾಯುವುದೂ ಇಲ್ಲ, ಹೋಲಿಕೆಯನ್ನು ಅತಿಯಾಗಿ ಎಳೆಯಲಾರೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯ ಬಗ್ಗೆ ಟೀಮಿಗೆ ಟ್ರೈನಿಂಗ್ ಕೊಡುವಾಗ ನಾನು ಒತ್ತಿ ಹೇಳುವ ಮಾತು ಒಂದೇ. ಒಂದು ಉದ್ದೇಶಕ್ಕೆಂದು ಪಡೆದ ಮಾಹಿತಿಯನ್ನು ಕೇಳದೆ ಇನ್ನೊಂದಕ್ಕೆ ಬಳಸಬಾರದು. ಮನೆಯಲ್ಲಿ ಮಗಳ ನೋಟ್‌ಬುಕ್ ಎತ್ತಿಕೊಂಡು ಹೋಗುವಾಗ ಆ ಮಾತು ನೆನಪಾಗಲಿಲ್ಲ. ಮನೆಯವರ ವಿಷಯದಲ್ಲಿ ಕೇಳುವುದೇನು ಎಂಬ ಸಲಿಗೆ.

ಇನ್ನೊಂದು ತಪ್ಪು ನಿಧಾನವಾಗಿ ತಿಳಿಯಿತು. ಅಪ್ಪ ಮೊದಲು ಬಿಲ ಮುಚ್ಚುತ್ತಿದ್ದರು. ನಮ್ಮ ಹಿರಿಯರು ರಾಗಿಯನ್ನು ಹಗೇವಿಗೆ ಇಳಿಸಿ ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಯ್ದುಕೊಂಡಿದ್ದರು. ಇಲ್ಲೇ ದಿಲ್ಲಿಯ ಪೂಸಾ ಸಂಸ್ಥೆಯವರು ರೈತರಿಗೆಂದು ರೂಪಿಸಿದ ಪೂಸಾ ಕಣಜದಲ್ಲಿ ಎರಡು ಮಣ್ಣಿನ ಗೋಡೆಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಇಲಿ ಕೊರೆಯದಂತೆ ಬುಡಕ್ಕೆ ಸುಟ್ಟ ಇಟ್ಟಿಗೆ. ಇಲಿ ಬರದ ಹಾಗೆ ಮಾಡುವ ವಿದ್ಯೆಯೂ ಹಳೆಯದೇ. ನಾನು ಅದನ್ನು ಪ್ರಯತ್ನಿಸಲೇ ಇಲ್ಲ. ಕಾಳು ಉಳಿಯದಿದ್ದರೆ ಉಪವಾಸ ಬೀಳುವ ರೈತನಿಗೆ ಇರುವ ಸಮರ್ಥನೆ ನನಗಿರಲಿಲ್ಲ. ಹೋಗಬಹುದಾಗಿದ್ದದ್ದು ಒಂದು ಭಾನುವಾರದ ಅರ್ಧ ದಿನ ಮಾತ್ರ.

ಮಗಳು ಪ್ರಾಜೆಕ್ಟನ್ನು ಒಂಬತ್ತು ದಿನಕ್ಕೇ ನಿಲ್ಲಿಸಿ ಕೊಟ್ಟಳು. ಹತ್ತನೆಯ ದಿನದ ಸಾಲು ಖಾಲಿ. ಟೀಚರ್ ಕೇಳಿದರೋ ಇಲ್ಲವೋ, ನನಗೆ ಹೇಳಲಿಲ್ಲ. ನಾನು ಕ್ಷಮೆ ಕೇಳಿದೆ. "ಪರವಾಗಿಲ್ಲ ಅಪ್ಪ" ಅಂದಳು, ದೊಡ್ಡವರು ಹೇಳುವ ಹಾಗೆ.

ಈ ವರ್ಷ ಏಪ್ರಿಲ್‌ನಲ್ಲಿ ಹಿಂದಿನ ಹೊಲ ಕಟಾವಾಯಿತು. ವಾರದೊಳಗೆ ಸಿಂಕಿನ ಕೆಳಗೆ ಮತ್ತೆ ಸದ್ದು. ಈ ಸಲ ಮೊದಲು ಅವಳನ್ನು ಕೇಳಿದೆ, ಏನು ಮಾಡೋಣ ಎಂದು. "ಎಲ್ಲಿಂದ ಬರುತ್ತೆ ನೋಡೋಣ" ಅಂದಳು. ಇಬ್ಬರೂ ಟಾರ್ಚ್ ಹಿಡಿದು ಹುಡುಕಿದೆವು. ಗ್ಯಾಸ್ ಪೈಪು ಗೋಡೆಯೊಳಗೆ ಬರುವಲ್ಲಿ ಒಂದು ಸಂದು ಇತ್ತು. ಪೆನ್ನು ತೂರುವ ಕಡೆ ಸುಂಡಿಲಿ ತೂರುತ್ತದೆ ಎನ್ನುತ್ತಾರೆ. ಪೆನ್ನು ಸಲೀಸಾಗಿ ಹೋಯಿತು. ಒಳಗಿರುವುದು ಹೊರಹೋಗಲಿ ಎಂದು ಅಂದು ಮುಚ್ಚಲಿಲ್ಲ. ಊರಿಂದ ತಂದಿದ್ದ ಇಲಿಬೋನಿಗೆ ತಿಪಟೂರಿನ ಕೊಬ್ಬರಿ ಚೂರು ಸುಟ್ಟು ಸಿಕ್ಕಿಸಿದೆವು. ಮೂರನೆಯ ರಾತ್ರಿ ಬಿತ್ತು. ಬೆಳಿಗ್ಗೆ ಹೊಲದ ಅಂಚಿಗೆ ಹೋಗಿ ಬಿಟ್ಟುಬಂದು, ಸಂದಿಗೆ ಸ್ಟೀಲ್ ಜುಂಗು ತುರುಕಿ ಸಿಮೆಂಟ್ ಮೆತ್ತಿದೆವು.

ಬಿಟ್ಟ ಇಲಿ ಬದುಕಿತೋ ಇಲ್ಲವೋ ಗೊತ್ತಿಲ್ಲ. ಗುರುತಿಲ್ಲದ ಬಯಲಿನಲ್ಲಿ ಹದ್ದು, ಬೆಕ್ಕು, ಹಾವು ಎಲ್ಲ ಇವೆ. ವಾಪಸು ಬರುವಾಗ ಖಾಲಿ ಬೋನು ಅವಳ ಕೈಯಲ್ಲಿತ್ತು. ಕೊಕ್ಕೆಯಲ್ಲಿ ಅರ್ಧ ತಿಂದ ಕೊಬ್ಬರಿ ಇನ್ನೂ ಇತ್ತು. ಅವಳು ಅದನ್ನೇ ನೋಡುತ್ತಾ, "ಇದೂ ಅದೇ ಅಲ್ವಾ ಅಪ್ಪ? ಇಷ್ಟವಾದ್ದು ಇಟ್ಟು ಕರೆಯೋದು?" ಅಂದಳು.

"ಸ್ವಲ್ಪ ಅದೇ" ಅಂದೆ.

ಅವಳು ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಬೋನನ್ನು ತೊಳೆದು ಬಾಲ್ಕನಿಯಲ್ಲಿ ಒಣಗಲು ಇಟ್ಟಳು.